ಅಪ್ಪನ ಉಷ್ಣ

ನಮ್ಮ ಮನೆಯಲ್ಲಿ ಯಾರಿಗೆ ಏನೇ ಆದರೂ ಅದಕ್ಕೆ ಕಾರಣ ಎರಡೇ. ಒಂದು ದೃಷ್ಟಿ, ಇನ್ನೊಂದು ಉಷ್ಣ. ಮಕ್ಕಳಿಗಾದರೆ ದೃಷ್ಟಿ, ದೊಡ್ಡವರಿಗಾದರೆ ಉಷ್ಣ. ಕಣ್ಣು ಕೆಂಪಾದರೆ ಉಷ್ಣ, ಬಾಯಲ್ಲಿ ಹುಣ್ಣಾದರೆ ಉಷ್ಣ, ಮೂಗಿನಲ್ಲಿ ರಕ್ತ ಬಂದರೂ ಉಷ್ಣ. ಅಪ್ಪನಿಗಂತೂ ಉಷ್ಣವಾಗುವುದಕ್ಕೆ ಬಲವಾದ ಕಾರಣವೇ ಇತ್ತು. ಅವರು ಸರ್ಕಾರಿ ಬಸ್ಸಿನ ಡ್ರೈವರ್. ಅರಸೀಕೆರೆಯಿಂದ ತಿಪಟೂರು, ತುಮಕೂರು ಮೇಲೆ ಬೆಂಗಳೂರು. ರಾತ್ರಿ ಅಲ್ಲೇ ತಂಗಿ ಬೆಳಿಗ್ಗೆ ವಾಪಸು. ಪಕ್ಕದಲ್ಲೇ ಕೊತಕೊತ ಕುದಿಯುವ ಇಂಜಿನ್ನು, ಎದುರಿಗೆ ಬಿಸಿಲು. ಹೀಗೆ ಇಪ್ಪತ್ತು ವರ್ಷ ಕೂತವರಿಗೆ ಉಷ್ಣವಾಗದೆ ಇನ್ನೇನಾದೀತು? ಅದಕ್ಕೇ ಅಮ್ಮ ಅವರ ಚೀಲದಲ್ಲಿ ಯಾವಾಗಲೂ ಒಂದು ಬಾಟಲಿ ಮಜ್ಜಿಗೆ ಇಟ್ಟಿರುತ್ತಿದ್ದಳು.

2007ರ ದಸರಾ ರಜೆಗೆ ನಾನು ಊರಿಗೆ ಬಂದಿದ್ದೆ. ಆಗ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ಹಬ್ಬದ ದಿನ ಊಟಕ್ಕೆ ಕೂತ ಅಪ್ಪ ಮುಗಿಸುವುದರೊಳಗೆ ಎರಡು ಸಲ ಎದ್ದು ಹಿತ್ತಲ ಕಡೆ ಹೋಗಿ ಬಂದರು. ಹೋದವರು ಬೇಗ ಬರುವುದಿಲ್ಲ, ಬಂದವರ ಮುಖದಲ್ಲಿ ಸಮಾಧಾನವಿಲ್ಲ. ಅಮ್ಮನನ್ನು ಒಳಗೆ ಕರೆದು ಕೇಳಿದೆ. ‘ಉಷ್ಣ ಕಣೆ. ಮೆಂತ್ಯ ನೆನೆಸಿ ಕೊಡ್ತಾ ಇದೀನಿ’ ಎಂದಳು. ನನ್ನ ಪುಸ್ತಕ ಅಲ್ಲೇ ಕಿಟಕಿಯ ಮೇಲಿತ್ತು. ಅದರಲ್ಲಿ ದೊಡ್ಡ ಕರುಳಿನ ಗೋಡೆಯ ನಾಲ್ಕು ಪದರಗಳನ್ನು ನಾಲ್ಕು ಬಣ್ಣದ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೆ. ಪರೀಕ್ಷೆಯಲ್ಲಿ ಕೇಳಿದ್ದರೆ ಆರು ಪುಟ ಬರೆಯುತ್ತಿದ್ದೆ. ‘ಅಪ್ಪಾ, ರಕ್ತ ಹೋಗುತ್ತಾ?’ ಎಂದು ಮೂರು ಮಾತು ಕೇಳಲು ನನ್ನಿಂದ ಆಗಲಿಲ್ಲ. ವಯಸ್ಸಿಗೆ ಬಂದ ಮಗಳು ಅಪ್ಪನನ್ನು ಕೇಳುವ ಪ್ರಶ್ನೆಯೇ ಅದು?

ಅಮ್ಮನಿಗೆ ರಕ್ತದ ವಿಷಯ ಆಗಲೇ ಗೊತ್ತಿತ್ತು. ಖಾಕಿ ಪ್ಯಾಂಟು ಒಗೆಯುವವಳು ಅವಳೇ ತಾನೆ. ಒಂದು ವರ್ಷದಿಂದ ಗೊತ್ತಿದ್ದರೂ ಇಬ್ಬರೂ ಸೇರಿ ಅದಕ್ಕೆ ಮೂಲವ್ಯಾಧಿ ಎಂದು ಹೆಸರಿಟ್ಟು ಮುಚ್ಚಿಟ್ಟಿದ್ದರು. ಡ್ರೈವರುಗಳಲ್ಲಿ ಮೂಲವ್ಯಾಧಿ ಇಲ್ಲದವರು ಯಾರಿದ್ದಾರೆ ಎಂಬುದು ಅಪ್ಪನ ವಾದ. ಬಸ್ ನಿಲ್ದಾಣದ ಕಾಂಪೌಂಡಿನ ಮೇಲೆ ‘ಆಪರೇಷನ್ ಇಲ್ಲದೆ ಗುಣ’ ಎಂದು ಬರೆಸಿದವರಿಂದ ಹಿಡಿದು ಮೂರು ಕಡೆ ಪುಡಿ, ಮುಲಾಮು, ಮಾತ್ರೆ ತಂದಿದ್ದರು. ಆ ಮೂವರಲ್ಲಿ ಒಬ್ಬರೂ ಅಪ್ಪನನ್ನು ಮಲಗಿಸಿ ಪರೀಕ್ಷೆ ಮಾಡಿರಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಅಪ್ಪ ಮಾಡಿಸಿಕೊಳ್ಳುತ್ತಲೂ ಇರಲಿಲ್ಲ. ಕೌಂಟರಿನ ಹತ್ತಿರ ನಿಂತು ತಗ್ಗಿದ ದನಿಯಲ್ಲಿ ‘ಮೂಲವ್ಯಾಧಿಗೆ ಏನಾದರೂ ಕೊಡಿ’ ಎಂದು ಕೇಳಿ, ಕೊಟ್ಟದ್ದನ್ನು ಜೇಬಿಗೆ ಹಾಕಿಕೊಂಡು ಬರುವ ಜಾತಿ ಅವರದು.

ಇನ್ನೂ ಒಂದು ಕಾರಣವಿತ್ತು. ತಮ್ಮ ಆ ವರ್ಷ ಎರಡನೇ ಪಿ.ಯು.ಸಿ. ಮನೆಯಲ್ಲಿ ಟಿ.ವಿ. ಕೇಬಲ್ ತೆಗೆಸಿದ್ದಾಗಿತ್ತು, ನೆಂಟರು ಬರುವುದು ನಿಂತಿತ್ತು, ಅಮ್ಮ ಪಾತ್ರೆಯನ್ನೂ ಸದ್ದಾಗದಂತೆ ತೊಳೆಯುತ್ತಿದ್ದಳು. ಇಂಥ ಹೊತ್ತಿನಲ್ಲಿ ಆಸ್ಪತ್ರೆ, ಸ್ಕ್ಯಾನು ಎಂದು ಓಡಾಡಿದರೆ ಹುಡುಗನ ಮನಸ್ಸು ಕೆಡುತ್ತದೆ. ಮಾರ್ಚ್ ಕಳೆಯಲಿ, ಆಮೇಲೆ ನೋಡೋಣ ಎಂದು ಅಪ್ಪ ಅಮ್ಮ ತೀರ್ಮಾನ ಮಾಡಿದ್ದರು. ಈ ಪುರವಣಿ ಓದುವ ಎಷ್ಟು ಮನೆಗಳಲ್ಲಿ ಈಗಲೂ ಇಂಥ ತೀರ್ಮಾನಗಳು ಆಗುತ್ತಿರಬಹುದು! ತಾಯಿಯ ಎದೆಯ ಗಂಟು, ತಂದೆಯ ಉಸಿರಿನ ತೊಂದರೆ ಎಲ್ಲವೂ ಮಕ್ಕಳ ಪರೀಕ್ಷೆ ಮುಗಿಯಲಿ ಎಂದು ಕಾಯುತ್ತಿರುತ್ತವೆ. ಕಾಯಿಲೆ ಮಾತ್ರ ವೇಳಾಪಟ್ಟಿ ನೋಡಿಕೊಂಡು ಬರುವುದಿಲ್ಲ.

ಮಾರ್ಚ್ ಕಳೆಯಿತು. ತಮ್ಮ ಕೊನೆಯ ಪೇಪರು ಬರೆದು ಬಂದ ಸಂಜೆ ಅಪ್ಪ ಡ್ಯೂಟಿ ಮುಗಿಸಿ ಬಂದವರು ಜಗಲಿಯ ಮೇಲೆ ಕೂತರು, ಏಳಲು ಆಗಲಿಲ್ಲ. ಮುಖ ಬಿಳಿಚಿಕೊಂಡಿತ್ತು. ಪ್ಯಾಂಟಿನ ಬೆಲ್ಟಿಗೆ ಮೊಳೆಯಿಂದ ಹೊಸದಾಗಿ ಎರಡು ತೂತು ಹೊಡೆದುಕೊಂಡಿದ್ದರು. ಮರುದಿನ ಚಿಕ್ಕಪ್ಪ ಬಲವಂತದಿಂದ ಊರಿನ ಒಬ್ಬ ಹಿರಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ಅಪ್ಪನ ಮಾತು ಪೂರ್ತಿ ಕೇಳಿ, ಪರದೆಯ ಆಚೆ ಮಲಗಿಸಿ, ಕೈಗವಸು ಹಾಕಿಕೊಂಡು ಬೆರಳಿಟ್ಟು ನೋಡಿದರು. ಎರಡು ನಿಮಿಷದ ಕೆಲಸ. ಹೊರಗೆ ಬಂದು ಕೈ ತೊಳೆಯುತ್ತಾ ಚಿಕ್ಕಪ್ಪನಿಗೆ, ‘ಇದು ಮೂಲವ್ಯಾಧಿ ಅಲ್ಲಪ್ಪ. ಒಳಗೆ ಗಟ್ಟಿಯಾಗಿ ಏನೋ ಬೆಳೆದಿದೆ. ನಾಳೆಯೇ ಬೆಂಗಳೂರಿಗೆ ಹೊರಡಿ’ ಎಂದರು. ಒಂದೂವರೆ ವರ್ಷ ಮುಚ್ಚಿಟ್ಟದ್ದು ಎರಡು ನಿಮಿಷದಲ್ಲಿ ಬಯಲಾಯಿತು. ಅಪ್ಪನಿಗೆ ಆಗ 48 ವರ್ಷ.

ಮೂಲವ್ಯಾಧಿಯ ರಕ್ತವೂ ಕೆಂಪೇ, ಗುದನಾಳದ ಕ್ಯಾನ್ಸರಿನ ರಕ್ತವೂ ಕೆಂಪೇ. ಬಣ್ಣ ನೋಡಿ ಯಾರೂ ಹೇಳಲಾರರು. ಮಲದ ಜೊತೆ ರಕ್ತ ಕಂಡವರಲ್ಲಿ ಬಹಳ ಮಂದಿಗೆ ಮೂಲವ್ಯಾಧಿಯೋ ಸೀಳೋ ಇರುತ್ತದೆ ಎಂಬುದು ನಿಜ. ಆದರೆ ಅದನ್ನು ಪರೀಕ್ಷೆ ಮಾಡಿದ ಮೇಲೆ ಹೇಳಬೇಕೇ ಹೊರತು ಮೊದಲೇ ಅಲ್ಲ. ಹೊರಕಡೆ ಹೋಗುವ ಅಭ್ಯಾಸ ಇದ್ದಕ್ಕಿದ್ದಂತೆ ಬದಲಾಗಿ ವಾರಗಟ್ಟಲೆ ಹಾಗೇ ಉಳಿಯುವುದು, ಹೋಗಿ ಬಂದರೂ ಇನ್ನೂ ಇದೆ ಎನಿಸುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಇವೆಲ್ಲ ಅಪ್ಪನಲ್ಲಿದ್ದವು. ಒಂದೊಂದಕ್ಕೂ ನಮ್ಮಲ್ಲಿ ಒಂದೊಂದು ಮನೆಮದ್ದಿತ್ತು.

ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಸೇರಿಸಿದೆವು. ಕೊಲೊನೋಸ್ಕೋಪಿ ಮಾಡಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ಖಚಿತವಾಯಿತು. ಮೊದಲ ದಿನ ನೋಡಿದ ಸರ್ಜನ್ನರು ಆಪರೇಷನ್ ಬೇಕಾಗುತ್ತದೆ ಎಂದಿದ್ದರಿಂದ ನಮಗೆಲ್ಲ ಅದೊಂದೇ ಜಪವಾಯಿತು. ‘ನಾಳೆಯೇ ಕುಯ್ದು ತೆಗೆದು ಬಿಸಾಕಲಿ’ ಎಂದು ಚಿಕ್ಕಪ್ಪ ದುಡ್ಡು ಹೊಂದಿಸಲು ಓಡಾಡುತ್ತಿದ್ದರು. ಆದರೆ ಆಸ್ಪತ್ರೆಯವರು ಎಂ.ಆರ್.ಐ. ಮಾಡಿಸಿ, ‘ಬುಧವಾರದವರೆಗೆ ಕಾಯಿರಿ. ಮೀಟಿಂಗಿನಲ್ಲಿ ನಿಮ್ಮ ಫೈಲು ಇಡುತ್ತೇವೆ’ ಎಂದರು. ನಮಗೆ ಸಿಟ್ಟು ಬಂತು. ಒಳಗೆ ಗಡ್ಡೆ ಬೆಳೆಯುತ್ತಿದೆ, ಇವರಿಗೆ ಮೀಟಿಂಗು!

ಆ ಬುಧವಾರ ಮಧ್ಯಾಹ್ನ ನಾವು ಒಂದು ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ನಮ್ಮ ಹಾಗೇ ಇನ್ನೂ ಆರೇಳು ಕುಟುಂಬಗಳು. ಒಳಗೆ ಸರ್ಜನ್, ವಿಕಿರಣ ಚಿಕಿತ್ಸೆಯ ಡಾಕ್ಟರ್, ಕೀಮೋ ಕೊಡುವ ಡಾಕ್ಟರ್, ಸ್ಕ್ಯಾನ್ ನೋಡುವವರು, ಸೂಕ್ಷ್ಮದರ್ಶಕದಲ್ಲಿ ಚೂರು ನೋಡುವವರು, ಒಬ್ಬರು ಸಿಸ್ಟರ್, ಆಹಾರದ ಬಗ್ಗೆ ಹೇಳುವವರು, ಸಮಾಜ ಕಾರ್ಯಕರ್ತೆ ಎಲ್ಲರೂ ಇದ್ದರು. ಒಬ್ಬೊಬ್ಬ ರೋಗಿಯ ಸ್ಕ್ಯಾನನ್ನೂ ಗೋಡೆಯ ಮೇಲೆ ಹಾಕಿಕೊಂಡು ಮಾತಾಡುತ್ತಾರೆ. ಆಮೇಲೆ ರೋಗಿಯನ್ನು ಕರೆಯುತ್ತಾರೆ. ಬಾಗಿಲು ಮುಚ್ಚಿದ್ದರೂ ದನಿಗಳು ಏರುವುದು ಕೇಳುತ್ತಿತ್ತು. ಡಾಕ್ಟರುಗಳು ತಮ್ಮೊಳಗೆ ವಾದ ಮಾಡುವುದನ್ನು ಕೇಳಿ ನನಗೆ ಮೊದಲು ಭಯವಾಯಿತು. ಇವರಿಗೇ ಗೊತ್ತಿಲ್ಲವೇ ಎಂದು.

ನಮ್ಮನ್ನು ಕರೆದರು. ಅಷ್ಟು ಜನರನ್ನು ಒಟ್ಟಿಗೆ ನೋಡಿದ ಅಪ್ಪ ಕೈ ಮುಗಿದು, ‘ಒಬ್ಬ ಪ್ಯಾಸೆಂಜರಿಗೆ ಇಷ್ಟೊಂದು ಜನ ಕಂಡಕ್ಟರಾ?’ ಎಂದರು. ಎಲ್ಲರೂ ನಕ್ಕರು. ಒಂದೂವರೆ ವರ್ಷದಲ್ಲಿ ಅಪ್ಪ ತಮಾಷೆ ಮಾಡಿದ್ದು ಅದೇ ಮೊದಲು.

ಸರ್ಜನ್ನರೇ ಮಾತು ಶುರು ಮಾಡಿದರು. ‘ಯಜಮಾನರೇ, ನಾನು ಮೊದಲು ಆಪರೇಷನ್ ಅಂದುಕೊಂಡಿದ್ದೆ. ಈ ಎಂ.ಆರ್.ಐ. ನೋಡಿದ ಮೇಲೆ ಇವರು ಹೇಳಿದ್ದೇ ಸರಿ ಅನ್ನಿಸಿತು’ ಎಂದು ಪಕ್ಕದಲ್ಲಿದ್ದ ವಿಕಿರಣ ವಿಭಾಗದ ಹೆಂಗಸನ್ನು ತೋರಿಸಿದರು. ಆಮೇಲೆ ನನಗೆ ಚಿತ್ರ ಬರೆದು ವಿವರಿಸಿದರು. ಗುದನಾಳದ ಸುತ್ತ ಕೊಬ್ಬಿನ ಒಂದು ಹೊದಿಕೆ ಇರುತ್ತದೆ. ಕ್ಯಾನ್ಸರ್ ಮೊದಲು ಹರಡುವುದು ಆ ಹೊದಿಕೆಯೊಳಗಿನ ಗ್ರಂಥಿಗಳಿಗೆ. ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್ ಎಂಬ ಊರಿನ ಸರ್ಜನ್ ಬಿಲ್ ಹೀಲ್ಡ್, ಆ ಹೊದಿಕೆಯನ್ನು ಹರಿಯದೆ ಇಡಿಯಾಗಿ ತೆಗೆಯಬೇಕು ಎಂದು 1982ರಲ್ಲಿ ತೋರಿಸಿಕೊಟ್ಟರು. ಹಾಗೆ ತೆಗೆದರೆ ಅದೇ ಜಾಗದಲ್ಲಿ ಗಡ್ಡೆ ಮತ್ತೆ ಬರುವುದು ಬಹಳ ಕಡಿಮೆಯಾಗುತ್ತದೆ. ಅಪ್ಪನ ಗಡ್ಡೆ ಆ ಹೊದಿಕೆಯ ಅಂಚಿಗೆ ತಾಗುವಷ್ಟು ಹತ್ತಿರ ಬಂದಿತ್ತು. ಆಗಲೇ ಕುಯ್ದಿದ್ದರೆ ಒಂದಿಷ್ಟು ಒಳಗೇ ಉಳಿಯುವ ಅಪಾಯವಿತ್ತು. ಅದಕ್ಕೆ ಮೊದಲು ವಾರಕ್ಕೆ ಐದು ದಿನದಂತೆ 28 ಸಲ ವಿಕಿರಣ, ಜೊತೆಗೆ ಕೀಮೋ ಮಾತ್ರೆ, ನಂತರ ಎಂಟು ವಾರ ಬಿಡುವು, ಆಮೇಲೆ ಆಪರೇಷನ್. ಬಿಡುವು ಯಾಕೆಂದರೆ ವಿಕಿರಣ ನಿಂತ ಮೇಲೂ ಗಡ್ಡೆ ವಾರಗಟ್ಟಲೆ ಕುಗ್ಗುತ್ತಲೇ ಇರುತ್ತದಂತೆ.

ನಾನು ಮಾನಸಗಂಗೋತ್ರಿಗೆ ಹೋಗಿ ಗ್ರಂಥಾಲಯದಲ್ಲಿ ಹುಡುಕಿ ಓದಿದೆ. ಬ್ರಿಟನ್ನಿನಲ್ಲಿ 1995ರ ಕಾಲ್ಮನ್-ಹೈನ್ ವರದಿ ಬಂದ ಮೇಲೆ ಕ್ಯಾನ್ಸರ್ ರೋಗಿಗಳ ಚಿಕಿತ್ಸೆಯನ್ನು ಒಬ್ಬರೇ ಅಲ್ಲ, ಬೇರೆ ಬೇರೆ ವಿಭಾಗದವರು ಕೂಡಿ ತೀರ್ಮಾನಿಸುವ ಪದ್ಧತಿ ಬೇರೂರಿತು. ನಮ್ಮಲ್ಲೂ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಇಂಥ ಸಭೆಗಳು ನಡೆಯುತ್ತವೆ. ಆದರೂ ಎಷ್ಟೋ ಕಡೆ ರೋಗಿ ಮೊದಲು ಯಾರ ಕೋಣೆಗೆ ಹೊಕ್ಕನೋ ಅವರ ಚಿಕಿತ್ಸೆಯೇ ಅವನಿಗೆ ಮೊದಲು ಸಿಗುತ್ತದೆ. ‘ನಮ್ಮ ಫೈಲನ್ನು ಎಲ್ಲರೂ ಕೂತು ನೋಡಿದ್ದೀರಾ?’ ಎಂದು ಕೇಳಲು ಹೆದರಬೇಕಿಲ್ಲ. ನನಗೆ ಆವತ್ತು ಬೆಂಚಿನ ಮೇಲೆ ಹೊಳೆಯದ ಒಂದು ಮಾತು ಈಗ ಹೊಳೆಯುತ್ತದೆ. ಒಳಗೆ ಎಂಟು ಜನ ಅಪ್ಪನ ಗುದನಾಳದ ಬಗ್ಗೆ ಗಟ್ಟಿಯಾಗಿ ವಾದ ಮಾಡುತ್ತಿದ್ದರು. ನಾವು ನಾಲ್ಕೇ ಜನರ ಮನೆಯಲ್ಲಿ ಒಂದೂವರೆ ವರ್ಷ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಗಡ್ಡೆ ತೀರ ಕೆಳಗಿದ್ದುದರಿಂದ ಗುದದ್ವಾರವನ್ನು ಉಳಿಸಲು ಆಗುವುದಿಲ್ಲ, ಹೊಟ್ಟೆಯ ಮೇಲೆ ಒಂದು ದ್ವಾರ ಮಾಡಿ ಚೀಲ ಅಂಟಿಸಬೇಕಾಗುತ್ತದೆ, ಅದು ಕಾಯಂ ಎಂದು ಹೇಳಿದಾಗ ಅಪ್ಪ ಆಪರೇಷನ್ನೇ ಬೇಡ ಎಂದುಬಿಟ್ಟರು. ‘ಊರಿಗೆ ಹೋಗ್ತೀನಿ, ಎಷ್ಟು ದಿನ ಇರ್ತೀನೋ ಇರ್ತೀನಿ.’ ಡಾಕ್ಟರುಗಳ ಮಾತು ನಡೆಯಲಿಲ್ಲ, ಅಮ್ಮನ ಅಳು ನಡೆಯಲಿಲ್ಲ. ನಡೆದದ್ದು ಆ ಸಿಸ್ಟರ್ ಮಾತು. ಮಂಗಳೂರು ಕಡೆಯವರು, ಐವತ್ತರ ಆಸುಪಾಸು. ಅಪ್ಪನ ಎದುರು ಚೀಲಗಳನ್ನು ಹರಡಿ ನೀರು ತುಂಬಿಸಿ ಅಲುಗಾಡಿಸಿ ತೋರಿಸಿದರು. ಮರುವಾರ, ಅದೇ ಆಪರೇಷನ್ ಆಗಿ ಆರು ವರ್ಷವಾಗಿದ್ದ ಒಬ್ಬ ದರ್ಜಿಯನ್ನು ಕರೆಸಿ ಅಪ್ಪನ ಜೊತೆ ಒಂದು ಗಂಟೆ ಕೂರಿಸಿದರು. ಆ ಮನುಷ್ಯ ಅಂಗಿ ಎತ್ತಿ ತೋರಿಸುವವರೆಗೂ ಅವನಿಗೆ ಚೀಲವಿದೆ ಎಂದು ಅಪ್ಪನಿಗೆ ಗೊತ್ತಾಗಿರಲಿಲ್ಲವಂತೆ. ದ್ವಾರ ಎಲ್ಲಿ ಬರಬೇಕೆಂದು ಹೊಟ್ಟೆಯ ಮೇಲೆ ಗುರುತು ಹಾಕುವ ದಿನ ಸಿಸ್ಟರ್, ‘ನೀವು ಬಸ್ಸಿನಲ್ಲಿ ಹೇಗೆ ಕೂರುತ್ತೀರಿ, ಹಾಗೇ ಕೂತು ತೋರಿಸಿ’ ಎಂದರು. ಅಪ್ಪ ಸ್ಟೂಲಿನ ಮೇಲೆ ಕೂತು ಗಾಳಿಯಲ್ಲಿ ಸ್ಟೀರಿಂಗು ತಿರುಗಿಸಿದರು, ಗೇರು ಹಾಕಿದರು, ಬಗ್ಗಿದರು, ಬೆಲ್ಟು ಬಿಗಿದರು. ಬೆಲ್ಟಿಗೂ ಮಡಿಕೆಗೂ ಸಿಗದ ಒಂದು ಜಾಗ ಹುಡುಕಿ ಅವರು ಪೆನ್ನಿನಿಂದ ಚುಕ್ಕೆ ಇಟ್ಟರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆ ಚುಕ್ಕೆಯ ಮೇಲೆ ಅಪ್ಪ ಒಂದು ಸಲ ಬೆರಳಾಡಿಸಿ ನೋಡಿ, ‘ಸರಿ ಸಿಸ್ಟರ್’ ಎಂದರು.

ಆಗಸ್ಟಿನಲ್ಲಿ ಆಪರೇಷನ್ ಆಯಿತು. ತೆಗೆದ ಭಾಗದಲ್ಲಿ 14 ಗ್ರಂಥಿಗಳನ್ನು ಹುಡುಕಿ ಪರೀಕ್ಷಿಸಿದ್ದರು. ಒಂದರಲ್ಲಿ ಕ್ಯಾನ್ಸರ್ ಇತ್ತು. ಹಾಗಾಗಿ ಮೂರನೇ ಹಂತ. ಸುತ್ತಲಿನ ಅಂಚೆಲ್ಲ ಶುದ್ಧ. ಆ ವರದಿ ಬರೆದ ಪೆಥಾಲಜಿಸ್ಟರನ್ನು ನಾವು ಮತ್ತೆ ನೋಡಲೇ ಇಲ್ಲ. ಅವರು ಗ್ರಂಥಿಗಳನ್ನು ಅಷ್ಟು ಹುಡುಕದೆ ಮೂರು ನಾಲ್ಕಕ್ಕೇ ಬಿಟ್ಟಿದ್ದರೆ ಆ ಒಂದು ತಪ್ಪಿಹೋಗುತ್ತಿತ್ತೋ ಏನೋ. ಅದಾದ ಮೇಲೆ ನಾಲ್ಕು ತಿಂಗಳು ಕೀಮೋ. ಅದರ ಕಷ್ಟಗಳನ್ನು ಇಲ್ಲಿ ಬರೆಯುವುದಿಲ್ಲ. ಅನುಭವಿಸಿದವರಿಗೆ ಗೊತ್ತು, ಅನುಭವಿಸದವರಿಗೆ ಗೊತ್ತಾಗುವುದೂ ಬೇಡ.

ತಮ್ಮನ ಫಲಿತಾಂಶ ಮಧ್ಯೆ ಎಲ್ಲೋ ಬಂದಿತ್ತು. ಒಳ್ಳೆಯ ಅಂಕಗಳು. ಇಂಜಿನಿಯರಿಂಗ್ ಸೀಟೂ ಸಿಕ್ಕಿತು. ಯಾರೂ ಸಿಹಿ ಹಂಚಲಿಲ್ಲ. ವಿಷಯವನ್ನು ಮೊದಲೇ ಮುಚ್ಚಿಟ್ಟಿದ್ದು ಯಾಕೆ ಎಂದು ಒಂದು ದಿನ ಅವನು ಅಮ್ಮನನ್ನು ಕೇಳಿದ. ‘ನಿನ್ನ ಪರೀಕ್ಷೆಗೆ ತೊಂದರೆ ಆಗಬಾರದು ಅಂತ ಕಣೋ’ ಎಂದಳು. ಅವನು ತಟ್ಟೆ ಬಿಟ್ಟು ಎದ್ದ. ‘ನನ್ನ ಪರೀಕ್ಷೆ ಮತ್ತೆ ಬರೀಬಹುದಿತ್ತಲ್ಲಮ್ಮ. ಸಪ್ಲಿಮೆಂಟರಿ ಅಂತ ಒಂದು ಇದೆ. ಅಪ್ಪನಿಗೆ ಎಲ್ಲಿದೆ ಸಪ್ಲಿಮೆಂಟರಿ?’ ಎಂದ. ಹದಿನೆಂಟು ವರ್ಷದ ಹುಡುಗ. ಅವನಿಗೆ ಉಪಕಾರ ಮಾಡಿದೆವೆಂದು ದೊಡ್ಡವರು ತಿಳಿದಿದ್ದರು. ಅವನ ಪಾಲಿಗೆ ಅದು ತೀರಿಸಲಾಗದ ಸಾಲವಾಗಿತ್ತು. ಇಂದಿಗೂ ಯಾರಾದರೂ ಅವನ ಪಿ.ಯು.ಸಿ. ಅಂಕ ಕೇಳಿದರೆ ಮಾತು ಬದಲಿಸುತ್ತಾನೆ.

ಬುಧವಾರದ ಸಭೆಯಲ್ಲಿ ನಮ್ಮನ್ನು ಇನ್ನೂ ಒಂದು ಪ್ರಶ್ನೆ ಕೇಳಿದ್ದರು. ‘ಮನೆಯಲ್ಲಿ ಇನ್ಯಾರಿಗಾದರೂ ಕ್ಯಾನ್ಸರ್ ಆಗಿತ್ತಾ?’ ಇಲ್ಲ ಎಂದು ಅಪ್ಪ ಹೇಳಿದರು. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವ್ವ ಹೊಟ್ಟೇಲಿ ಗಡ್ಡೆ ಆಗಿ ಹೋಗಿದ್ದು ಅಲ್ವಾ ಅಣ್ಣ?’ ಎಂದರು. ಯಾವ ಗಡ್ಡೆ, ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ. ನಮ್ಮಲ್ಲಿ ಮೂರು ತಲೆಮಾರಿನ ಜಮೀನಿನ ಪಹಣಿ ಇದೆ. ಅಜ್ಜಿ ಯಾವುದರಿಂದ ಸತ್ತರು ಎಂಬ ದಾಖಲೆ ಇಲ್ಲ. ಅಮೆರಿಕದ ಆನ್ ಆರ್ಬರಿನಲ್ಲಿ 1895ರಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಂಗಸು, ತಮ್ಮ ಮನೆತನದವರೆಲ್ಲ ಕ್ಯಾನ್ಸರಿನಿಂದ ಹೋಗಿದ್ದಾರೆ, ತಾನೂ ಹಾಗೇ ಹೋಗುವವಳು ಎಂದು ಡಾಕ್ಟರ್ ಆಲ್ಡ್ರೆಡ್ ವಾರ್ಥಿನ್ ಅವರಿಗೆ ಹೇಳಿದಳಂತೆ. ಹಾಗೇ ಆಯಿತು. ಅವರು ಆ ವಂಶವೃಕ್ಷವನ್ನು ಬಿಡದೆ ಬರೆದಿಟ್ಟು 1913ರಲ್ಲಿ ಪ್ರಕಟಿಸಿದರು. ಮುಂದೆ ಹೆನ್ರಿ ಲಿಂಚ್ ಅವರ ಹೆಸರಿನಿಂದ ಕರೆಯುವ ಆನುವಂಶಿಕ ಕ್ಯಾನ್ಸರಿನ ಕತೆ ಅಲ್ಲಿಂದ ಶುರು. ಅಪ್ಪನದು ಆ ಬಗೆಯದಲ್ಲ ಎಂದು ಆಮೇಲಿನ ಪರೀಕ್ಷೆಯಲ್ಲಿ ತಿಳಿಯಿತು. ಆದರೂ ಹೆತ್ತವರಿಗೋ ಒಡಹುಟ್ಟಿದವರಿಗೋ ಈ ಕ್ಯಾನ್ಸರ್ ಬಂದಿದ್ದರೆ ಉಳಿದವರಿಗೆ ಅಪಾಯ ಸ್ವಲ್ಪ ಹೆಚ್ಚು. ಅಂಥವರು 40ನೇ ವಯಸ್ಸಿಗೆ, ಇಲ್ಲವೇ ಮನೆಯವರಿಗೆ ಕಾಯಿಲೆ ಕಂಡ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಬೇಗ ಬರುತ್ತದೋ ಆಗ ಕೊಲೊನೋಸ್ಕೋಪಿ ಮಾಡಿಸಿಕೊಳ್ಳಬೇಕು ಎಂದರು. ಅಂದರೆ ನಮಗೆ 38. ಚಿಕ್ಕಪ್ಪನಿಗೆ ಆಗಲೇ 44.

ಚಿಕ್ಕಪ್ಪ ಒಪ್ಪಲಿಲ್ಲ. ‘ನನಗೇನಾಗಿದೆ? ಕಲ್ಲುಗುಂಡಿನ ಹಾಗಿದೀನಿ’ ಎಂದರು. ಆಗ ಅಪ್ಪ ಆಸ್ಪತ್ರೆಯ ಮಂಚದ ಮೇಲಿಂದಲೇ ಗದರಿದರು. ‘ಎಫ್.ಸಿ. ಮಾಡಿಸೋದು ಓಡೋ ಬಸ್ಸಿಗೆ ಕಣೋ, ಕೆಟ್ಟು ನಿಂತ ಬಸ್ಸಿಗಲ್ಲ. ನಾನು ಕೆಟ್ಟು ನಿಂತ ಮೇಲೆ ಬಂದೆ, ನೋಡು.’ ನನ್ನ ಪ್ರಾಣಿಶಾಸ್ತ್ರದ ಪುಸ್ತಕಗಳು ಹೇಳಲಾಗದ್ದನ್ನು ಬಸ್ಸಿನ ಎಫ್.ಸಿ. ಹೇಳಿತು. ಚಿಕ್ಕಪ್ಪ ಎರಡು ದಿನ ಸೊಪ್ಪು, ಕಾಳು, ಮುದ್ದೆ ಬಿಟ್ಟು ಅನ್ನ ಮೊಸರು ತಿಂದರು. ಔಷಧದ ಪುಡಿ ಕದಡಿದ ನೀರನ್ನು ಲೋಟ ಲೋಟ ಕುಡಿದು ರಾತ್ರಿಯಿಡೀ ಓಡಾಡಿ, ಡಾಕ್ಟರುಗಳ ವಂಶವನ್ನೆಲ್ಲ ಬೈದರು. ನಿಜ ಹೇಳಬೇಕೆಂದರೆ ಈ ಪರೀಕ್ಷೆಯಲ್ಲಿ ಕಷ್ಟವಿರುವುದು ಅದೊಂದೇ. ಮತ್ತಿನ ಚುಚ್ಚುಮದ್ದು ಕೊಟ್ಟಿದ್ದರಿಂದ ಒಳಗೆ ನಡೆದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಎದ್ದಾಗ ಡಾಕ್ಟರು ಹೇಳಿದರು: ಕರುಳಿನ ಒಳಗೋಡೆಯಲ್ಲಿ ನರಹುಲಿಯಂಥ ಎರಡು ಸಣ್ಣ ಕುಡಿಗಳಿದ್ದವು, ಪಾಲಿಪ್ ಅಂತಾರೆ, ಅಲ್ಲೇ ತೆಗೆದುಬಿಟ್ಟಿದ್ದೇವೆ. ಅದರಲ್ಲಿ ಒಂದು ಮುಂದೆ ಕ್ಯಾನ್ಸರಾಗಬಹುದಾದ ಜಾತಿಯದು.

ಈ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಂಥ ಪಾಲಿಪ್‌ಗಳಿಂದಲೇ. ಅದಕ್ಕೆ ಸಾಮಾನ್ಯವಾಗಿ ಹತ್ತು ವರ್ಷವೋ ಇನ್ನೂ ಹೆಚ್ಚೋ ಬೇಕು. ಅಷ್ಟು ಕಾಲ ಅದು ಸುಮ್ಮನೆ ಕೂತಿರುತ್ತದೆ. ನೋವಿಲ್ಲ, ಏನಿಲ್ಲ. 1969ರವರೆಗೆ ಕರುಳಿನ ಮೇಲ್ಭಾಗದ ಪಾಲಿಪ್ ತೆಗೆಯಲು ಹೊಟ್ಟೆಯನ್ನೇ ಕುಯ್ಯಬೇಕಿತ್ತು. ಆ ವರ್ಷ ನ್ಯೂಯಾರ್ಕಿನಲ್ಲಿ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ ಕೊಲೊನೋಸ್ಕೋಪಿನ ಮೂಲಕ ತಂತಿಯ ಕುಣಿಕೆ ಕಳಿಸಿ, ಪಾಲಿಪ್ಪಿನ ಬುಡಕ್ಕೆ ಹಾಕಿ, ವಿದ್ಯುತ್ ಹರಿಸಿ ಕತ್ತರಿಸಿ ತೆಗೆದರು. ಕ್ಯಾನ್ಸರನ್ನು ಬೇಗ ಪತ್ತೆ ಮಾಡುವುದು ಬೇರೆ, ಬರದಂತೆಯೇ ಮಾಡುವುದು ಬೇರೆ. ಇದು ಎರಡನೆಯದು. ಚಿಕ್ಕಪ್ಪ 2013, 2018, 2023ರಲ್ಲಿ ಮತ್ತೆ ಮಾಡಿಸಿಕೊಂಡಿದ್ದಾರೆ. ಒಂದು ಸಲ ಇನ್ನೊಂದು ಪುಟ್ಟ ಪಾಲಿಪ್ ಸಿಕ್ಕಿತ್ತು. ಮನುಷ್ಯ ಇವತ್ತಿಗೂ ತೆಂಗಿನ ತೋಟದಲ್ಲಿ ಓಡಾಡಿಕೊಂಡಿದ್ದಾರೆ. ಬೈಗುಳವೂ ಹಾಗೇ ಇದೆ.

ಹಾಗಾದರೆ ಎಲ್ಲರೂ ಓಡಿಹೋಗಿ ಕೊಲೊನೋಸ್ಕೋಪಿ ಮಾಡಿಸಬೇಕೆ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. (ನಾನೀಗ ಪಿ.ಯು. ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತೇನೆ. ಜೀರ್ಣಾಂಗ ವ್ಯೂಹದ ಪಾಠ ನನ್ನದು ಸ್ವಲ್ಪ ಉದ್ದವೇ.) ಅಪರೂಪಕ್ಕೆ ಅದರಲ್ಲೂ ರಕ್ತಸ್ರಾವ, ಕರುಳು ತೂತಾಗುವುದು ಇದೆ, ಖರ್ಚೂ ಇದೆ. ನಮ್ಮ ದೇಶದಲ್ಲಿ ಈ ಕ್ಯಾನ್ಸರ್ ಪಶ್ಚಿಮದ ದೇಶಗಳಷ್ಟು ಹೆಚ್ಚಿಲ್ಲ. ಸರ್ಕಾರದ ತಪಾಸಣಾ ಕಾರ್ಯಕ್ರಮದಲ್ಲಿರುವುದು ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರುಗಳು, ಕರುಳಿನದು ಇಲ್ಲ. ಜಪಾನಿನಲ್ಲಿ 1992ರಿಂದ, ಇಂಗ್ಲೆಂಡಿನಲ್ಲಿ 2006ರಿಂದ ಮಲದ ಪರೀಕ್ಷೆಯ ಮೂಲಕ ಜನರನ್ನು ತಪಾಸಣೆ ಮಾಡುತ್ತಾರೆ. ಇಂಗ್ಲೆಂಡಿನಲ್ಲಿ ಅದರ ಡಬ್ಬಿ ಅಂಚೆಯಲ್ಲೇ ಮನೆಗೆ ಬರುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತವಿದ್ದರೂ ಈ ಪರೀಕ್ಷೆ ಹಿಡಿಯುತ್ತದೆ. ಇದ್ದರೆ ಮಾತ್ರ ಕೊಲೊನೋಸ್ಕೋಪಿ. ಇದರಿಂದ ನಿಜಕ್ಕೂ ಉಪಯೋಗವಿದೆಯೇ ಎಂದು ಅಮೆರಿಕದ ಮಿನ್ನೆಸೋಟದಲ್ಲಿ 46 ಸಾವಿರಕ್ಕೂ ಹೆಚ್ಚು ಜನರನ್ನು 13 ವರ್ಷ ಗಮನಿಸಿ 1993ರಲ್ಲಿ ಫಲಿತಾಂಶ ಹೇಳಿದರು: ಪ್ರತಿ ವರ್ಷ ಮಲ ಪರೀಕ್ಷೆ ಮಾಡಿಸಿದವರಲ್ಲಿ ಈ ಕ್ಯಾನ್ಸರಿನ ಸಾವು ಮೂರನೇ ಒಂದು ಪಾಲು ಕಡಿಮೆ. ಅಮೆರಿಕದಲ್ಲಿ ತಪಾಸಣೆಯ ವಯಸ್ಸು ಮೊದಲು 50 ಇತ್ತು. ಚಿಕ್ಕ ವಯಸ್ಸಿನವರಲ್ಲೂ ಕಾಯಿಲೆ ಹೆಚ್ಚುತ್ತಿದೆ ಎಂದು 2021ರಲ್ಲಿ ಅಲ್ಲಿನ ತಜ್ಞರ ಸಮಿತಿ ಅದನ್ನು 45ಕ್ಕೆ ಇಳಿಸಿತು.

ಮನೆಯಲ್ಲಿ ಯಾರಿಗೂ ಬಂದಿಲ್ಲ, ಯಾವ ಲಕ್ಷಣವೂ ಇಲ್ಲ ಎನ್ನುವವರು 45-50 ದಾಟಿದ ಮೇಲೆ ಡಾಕ್ಟರನ್ನು ಕೇಳಿ ಮಲ ಪರೀಕ್ಷೆಯಿಂದ ಶುರು ಮಾಡಬಹುದು. ನಮ್ಮ ಸೋದರತ್ತೆ, ಅಪ್ಪನ ಅಕ್ಕ, ಕೊಲೊನೋಸ್ಕೋಪಿಗೆ ಜಪ್ಪಯ್ಯ ಎಂದರೂ ಬರಲಿಲ್ಲ. ‘ನನ್ನ ಮಾನ ಕಳೀಬೇಡಿ’ ಎಂದರು. ಐದಾರು ವರ್ಷ ಕಾಡಿದ ಮೇಲೆ ಮಲ ಪರೀಕ್ಷೆಗೆ ಒಪ್ಪಿದರು. ಅವರಿಗೆ ಅಷ್ಟು ಸಾಲದು ಎಂದು ಗೊತ್ತು. ಆದರೂ ಏನೂ ಇಲ್ಲದ್ದಕ್ಕಿಂತ ಮೇಲು. ಲಕ್ಷಣ ಇರುವವರ ಮಾತು ಬೇರೆ. ರಕ್ತ ಕಂಡವರು ಇಪ್ಪತ್ತೈದು ವರ್ಷದವರಾದರೂ ವಯಸ್ಸಿನ ಲೆಕ್ಕ ಹಾಕುತ್ತ ಕೂರಬಾರದು.

ಅಪ್ಪ ಮತ್ತೆ ರೂಟಿನ ಮೇಲೆ ಹೋಗಲಿಲ್ಲ. ಬಸ್ ನಿಲ್ದಾಣದ ಕಂಟ್ರೋಲರ್ ಕೋಣೆಯಲ್ಲಿ ಕೆಲಸ ಕೊಟ್ಟರು. ಹೆಂಡತಿಗೂ ಪಿಸುಮಾತಿನಲ್ಲಿ ಹೇಳಲಾಗದೆ ಹೋದ ಮನುಷ್ಯ ಹನ್ನೊಂದು ವರ್ಷ ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗಿ 2020ರಲ್ಲಿ ನಿವೃತ್ತರಾದರು. ಅಂಗಿಯ ಕೆಳಗೆ ಚೀಲವಿದೆ. ಮೊದಮೊದಲು ಮದುವೆ ಮನೆಗಳಿಗೆ ಹೋಗುತ್ತಿರಲಿಲ್ಲ. ಈಗ ಹೋಗುತ್ತಾರೆ. ಮೊದಲನೇ ಪಂಕ್ತಿಗೇ ಕೂರುತ್ತಾರೆ. ಹೋಗುವಾಗ ಜೇಬಿನಲ್ಲಿ ಇನ್ನೊಂದು ಚೀಲ ಇರುತ್ತದೆ, ಅಷ್ಟೆ. ಒಂದು ವರ್ಷ ಮೊದಲೇ ಬಂದಿದ್ದರೆ ಈ ಚೀಲ ತಪ್ಪುತ್ತಿತ್ತೇ ಎಂದು ನಾನು ಒಮ್ಮೆ ಸರ್ಜನ್ನರನ್ನು ಕೇಳಿದೆ. ‘ಅಷ್ಟು ಕೆಳಗಿದ್ದದ್ದು. ಹೇಳೋದು ಕಷ್ಟ ಕಣಮ್ಮ’ ಎಂದರು. ನನ್ನ ಸಮಾಧಾನಕ್ಕೆ ಹೇಳಿದರೋ ನಿಜವೋ, ನಾನು ಮತ್ತೆ ಕೇಳಲಿಲ್ಲ.

2024ರಲ್ಲಿ ನನಗೆ 38 ತುಂಬಿತು. ಕರೆದುಕೊಂಡು ಹೋಗಲು ಗಂಡ ಸಿದ್ಧರಿದ್ದರೂ ಅಪ್ಪನೇ ಬಂದರು. ಹಿಂದಿನ ರಾತ್ರಿ ನಾನು ಪುಡಿ ನೀರು ಕುಡಿಯುತ್ತ ಓಡಾಡುವಾಗ ಬಾಗಿಲ ಹೊರಗಿನಿಂದ ‘ನೀರಿನ ಹಾಗೆ ತಿಳಿಯಾಗಿ ಹೋಗ್ತಿದೆಯಾ? ತಳ ಕಾಣೋ ಹಾಗಿರಬೇಕು’ ಎಂದು ಗಟ್ಟಿಯಾಗಿ ಕೇಳಿದರು. ಪಕ್ಕದ ಮನೆಗೂ ಕೇಳಿಸಿರಬೇಕು. ಬೆಳಿಗ್ಗೆ ಪರೀಕ್ಷೆ ಆಯಿತು. ಏನೂ ಇರಲಿಲ್ಲ. ಐದು ವರ್ಷ ಬಿಟ್ಟು ಬನ್ನಿ ಎಂದರು.

ಅಪ್ಪನ ಹತ್ತಿರ ಹಳೆಯ ಉದ್ದನೆಯ ಒಂದು ಪುಸ್ತಕವಿದೆ. ಹಿಂದೆ ಅದರಲ್ಲಿ ಟ್ರಿಪ್ಪು, ಕಿಲೋಮೀಟರು, ಡೀಸೆಲ್ಲು ಬರೆದಿಡುತ್ತಿದ್ದರು. ಅದರ ಕೊನೆಯ ಪುಟದಲ್ಲಿ ‘ಎಫ್.ಸಿ.’ ಎಂದು ತಲೆಬರಹ ಹಾಕಿ ಗೆರೆ ಎಳೆದಿದ್ದಾರೆ. ತಮ್ಮಯ್ಯ: 2023 ಆಯ್ತು, ಮುಂದೆ 2028. ಮಗಳು: 2024 ಆಯ್ತು, ಮುಂದೆ 2029. ಅಕ್ಕ: ಮಲ ಪರೀಕ್ಷೆ ಮಾತ್ರ, ಮತ್ತೆ ಹೇಳಬೇಕು. ಕೊನೆಯ ಸಾಲಿನಲ್ಲಿ ತಮ್ಮನ ಹೆಸರು. ಅವನು ಪುಣೆಯಲ್ಲಿದ್ದಾನೆ, ಕೆಲಸ ಜಾಸ್ತಿ. ‘ಇನ್ನೂ ಟೈಮಿದೆಯಲ್ಲಪ್ಪಾ’ ಎನ್ನುತ್ತಾನೆ. ಅವನ ಹೆಸರಿನ ಮುಂದೆ 2028 ಎಂದು ಬರೆದು, ಕೆಳಗೆ ಎರಡು ಸಲ ಗೆರೆ ಎಳೆದಿದ್ದಾರೆ.